ಫಿಟ್ಸ್ ನಿಂತಿದೆ, ಮಾತ್ರೆ ನಿಂತಿಲ್ಲ: ವರ್ಷಗಟ್ಟಲೆ ತಿನ್ನುವವರು ಸ್ವಲ್ಪ ಹೇಳಿ

ಕಿನ್ನಿಗೋಳಿಯವ
ನನಗೆ ಈಗ 37. ಮೊದಲ ಸಲ ಫಿಟ್ಸ್ ಬಂದದ್ದು 18ರಲ್ಲಿ, ಪಿಯುಸಿ ಮುಗಿದ ವರ್ಷ. ಅಂದಿನಿಂದ ಮಾತ್ರೆ. ಕೊನೆಯ ಫಿಟ್ಸ್ ಬಂದು ಆರು ವರ್ಷ ಆಯಿತು. ಮನೆಯವರ ಲೆಕ್ಕದಲ್ಲಿ ನನ್ನ ಕಾಯಿಲೆ ಮುಗಿದಿದೆ. ನನ್ನ ಲೆಕ್ಕ ಬೇರೆ ಉಂಟು.

ಮೊದಲ 16 ವರ್ಷ ಫೆನಿಟೋಯಿನ್. ವಸಡು ದಪ್ಪವಾಗಿ ಹಲ್ಲನ್ನು ಅರ್ಧ ಮುಚ್ಚಿತ್ತು. ನಾನು ಸರಿಯಾಗಿ ಹಲ್ಲುಜ್ಜುವುದಿಲ್ಲ, ಅದಕ್ಕೇ ಹೀಗೆ ಅಂತ ನಾನೇ ಅಂದುಕೊಂಡಿದ್ದೆ. ನನ್ನ ಮದುವೆಯ ಆಲ್ಬಮ್ ನೋಡಿ ಬೇಕಾದರೆ, ಒಂದು ಫೋಟೋದಲ್ಲೂ ಬಾಯಿ ತೆರೆದಿಲ್ಲ. ಮೂರು ವರ್ಷದ ಹಿಂದೆ ಹಲ್ಲುನೋವಿಗೆ ಮಂಗಳೂರಿಗೆ ಹೋದೆ. ಹಲ್ಲಿನ ಡಾಕ್ಟ್ರು ನೋಡಿದ ಕೂಡಲೇ "ಫಿಟ್ಸ್‌ಗೆ ಮಾತ್ರೆ ತಿನ್ನುತ್ತೀರಾ?" ಅಂತ ಕೇಳಿದರು. ನಾನು ಹೇಳಿಯೇ ಇರಲಿಲ್ಲ. ಬಾಯಿ ನೋಡಿ ಜಾತಕ ಹೇಳಿದ ಹಾಗಾಯಿತು.

ಆಮೇಲೆ ನರದ ಡಾಕ್ಟ್ರು ನಿಧಾನಕ್ಕೆ ಲೆವೆಟಿರಾಸಿಟಮ್‌ಗೆ ಬದಲಾಯಿಸಿದರು. ವಸಡು ಸುಮಾರು ಇಳಿಯಿತು. ಆದರೆ ಈಗ ಸಿಟ್ಟು. ನೀರುದೋಸೆ ತಣ್ಣಗಾಯಿತು ಅಂತ ತಟ್ಟೆ ದೂಡಿದ್ದೇನೆ. ಮಗಳು ಅಲ್ಲೇ ಕೂತಿದ್ದಳು. ಕಳೆದ ತಿಂಗಳು ನಮ್ಮ ಸೊಸೈಟಿಯ ಕೌಂಟರ್‌ನಲ್ಲಿ ಒಬ್ಬರು ಅಜ್ಜಿಗೆ ಕಿರುಚಿಬಿಟ್ಟೆ. ಪಾಪ, ರುಜು ಹಾಕುವ ಜಾಗ ಎರಡನೇ ಸಲ ಕೇಳಿದ್ದು ಅಷ್ಟೆ. ಅವರು ಹೆದರಿ ಪಾಸ್‌ಬುಕ್ ಬಿಟ್ಟು ಹೋದರು.

ಡಾಕ್ಟ್ರ ಹತ್ತಿರ ಹೋದರೆ ಮೂರು ನಿಮಿಷ. "ಫಿಟ್ಸ್ ಬಂತಾ?" "ಇಲ್ಲ." "ಒಳ್ಳೆಯದು, ಹಾಗೇ ಮುಂದುವರಿಸಿ." ಫಿಟ್ಸ್ ಬರಲಿಲ್ಲವಲ್ಲ, ಮತ್ತೆ ಎಂಥ ದೂರು ಹೇಳುವುದು ಅಂತ ಸುಮ್ನೆ ಬರುತ್ತೇನೆ. ಇದು ಮಾತ್ರೆಯ ಸಿಟ್ಟಾ, ನನ್ನದೇ ಗುಣವಾ? ಹೇಗೆ ಗೊತ್ತಾಗುವುದು?

ಬಂದರು ಬಾವ
ಮಾತ್ರೆಯದ್ದೇ ಇರಬಹುದು. ನನ್ನ ಅಣ್ಣನ ಮಗನಿಗೂ ಲೆವೆಟಿರಾಸಿಟಮ್ ಶುರು ಮಾಡಿದ ಮೇಲೆ ಹಾಗೇ ಆಗಿತ್ತು. ಮಾತ್ರೆ ಬದಲಿಸಿದ ದಿನಾಂಕ ಬರೆದಿಡಿ. ಸಿಟ್ಟು ಅದಕ್ಕಿಂತ ಮೊದಲೂ ಇತ್ತಾ ಅಂತ ಹೆಂಡತಿಯನ್ನು ಕೇಳಿ. ನಿಮ್ಮನ್ನು ನೀವೇ ಕೇಳಬೇಡಿ, ಉತ್ತರ ಸುಳ್ಳು ಬರುತ್ತದೆ.

ನಾನು ಮಲ್ಪೆಯವ. 12 ವರ್ಷದಿಂದ ಕಾರ್ಬಮಜೆಪೀನ್. ಮೊದಲು ಬೋಟಿಗೆ ಹೋಗುತ್ತಿದ್ದೆ. ಫಿಟ್ಸ್ ಗೊತ್ತಾದ ಮೇಲೆ ಬೋಟ್ ನಡೆಸುವ ತಂಡೇಲರು ಬೇಡ ಅಂದರು. ಅವರದ್ದು ತಪ್ಪಲ್ಲ, ರಾತ್ರಿ ನೀರಿಗೆ ಬಿದ್ದರೆ ಯಾರು ನೋಡುವುದು? ಈಗ ಬಂದರಿನಲ್ಲಿ ಬಲೆ ಹೆಣೆಯುವ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಎಲ್ಲ ಬೋಟೂ ದಡದಲ್ಲಿ. ಆ 61 ದಿನ ನಾನೂ ಎಲ್ಲರ ಹಾಗೆ. ಆಗಸ್ಟ್‌ನಲ್ಲಿ ಬೋಟ್ ಇಳಿಯುವಾಗ ಮಾತ್ರ ಬಂದರಿನ ಕಡೆ ಹೋಗುವುದಿಲ್ಲ. ಇರಲಿ ಬಿಡಿ.

ಸೈಡ್ ಎಫೆಕ್ಟ್ ಕೇಳಿದಿರಲ್ಲ. ನನಗೆ ಬೆಳಿಗ್ಗೆ ಮಾತ್ರೆ ತಿಂದು ಒಂದೆರಡು ಗಂಟೆಗೆ ಎಲ್ಲ ಎರಡೆರಡು ಕಾಣುತ್ತಿತ್ತು. ಒಂದು ದಿನ ಕಾಪುವಿಗೆ ಹೋದಾಗ ಲೈಟ್‌ಹೌಸ್ ಎರಡು ನಿಂತಿದ್ದವು. ಡಾಕ್ಟ್ರಿಗೆ ಹೇಳಿದೆ. ಅದೇ ಮದ್ದನ್ನು ನಿಧಾನವಾಗಿ ಕರಗುವ ಮಾತ್ರೆಯಾಗಿ ಕೊಟ್ಟು, ಎರಡು ಹೊತ್ತಿಗೆ ಹಂಚಿದರು. ಒಂದೇ ವಾರದಲ್ಲಿ ಲೈಟ್‌ಹೌಸ್ ಒಂದಾಯಿತು.

ಎರಡನೆಯದ್ದು ಜೋರು. ಏಪ್ರಿಲ್ ಸೆಕೆ ಅಂತ ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡಿಯುತ್ತಿದ್ದೆ. ತಲೆ ಮಂಕು, ವಾಂತಿ ಬಂದ ಹಾಗೆ, ಬಲೆಯ ಗಂಟು ಹಾಕಲಿಕ್ಕೇ ಮರೆಯಿತು. ರಕ್ತ ನೋಡಿದರೆ ಸೋಡಿಯಂ 122. 135ರ ಮೇಲೆ ಇರಬೇಕಂತೆ. ಈ ಮಾತ್ರೆ ಮೈಯಲ್ಲಿ ನೀರು ಹಿಡಿದಿಡುತ್ತದೆ, ಅದರ ಮೇಲೆ ನಾನು ಇನ್ನೂ ಸುರಿಯುತ್ತಿದ್ದೆ. ಎರಡು ದಿನ ಆಸ್ಪತ್ರೆಯಲ್ಲಿ ಇದ್ದೆ. ಈಗ ಆರು ತಿಂಗಳಿಗೊಮ್ಮೆ ಸೋಡಿಯಂ ನೋಡಿಸುತ್ತೇನೆ, ನೀರಿಗೂ ಲೆಕ್ಕ ಉಂಟು.

ಬಿ.ಸಿ. ರೋಡ್ ಅಮ್ಮ
ಬಾವ, ನಮ್ಮಲ್ಲಿ ಪೂರ್ತಿ ತಿರುಗಾಮುರುಗ! ನನ್ನ ಮಗನಿಗೆ 9 ವರ್ಷ, ಟೋಪಿರಾಮೇಟ್ ಕೊಡುತ್ತಿದ್ದೇವೆ. ಅವನಿಗೆ ಡಾಕ್ಟ್ರು "ನೀರು ಕುಡಿಸಿ, ಕುಡಿಸಿ" ಅಂತಲೇ ಹೇಳುವುದು. ಈ ಮದ್ದಿನಿಂದ ಕಿಡ್ನಿಯಲ್ಲಿ ಕಲ್ಲಾಗಬಹುದಂತೆ. ಬೆವರೂ ಕಡಿಮೆ. ಮೇ ತಿಂಗಳಲ್ಲಿ ಗದ್ದೆಯಲ್ಲಿ ಕ್ರಿಕೆಟ್ ಆಡಿ ಬಂದ, ಮುಖ ಕೆಂಪು, ಮೈ ಕಾದ ಕಾವಲಿ, ಒಂದು ಹನಿ ಬೆವರಿಲ್ಲ. ಜ್ವರ ಅಂತ ನಾನು ಹೊದಿಕೆ ಹೊದೆಸಿದೆ. ಅದೇ ತಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಕೆಳಗೆ ಮಲಗಿಸಬೇಕಿತ್ತು.

ಇನ್ನೊಂದು ಬೇಜಾರು ಅವನ ಮಾತು. ಗೊತ್ತಿರುವ ಶಬ್ದವೇ ಬಾಯಿಗೆ ಬರುವುದಿಲ್ಲ. "ಅಮ್ಮ ಅದು ಕೊಡು, ಆ... ಬರೆಯುವುದು" ಅನ್ನುತ್ತಾನೆ ಪೆನ್ಸಿಲ್‌ಗೆ. ಶಾಲೆಯಲ್ಲಿ ದಡ್ಡ ಅಂತ ಹಿಂದಿನ ಬೆಂಚಿಗೆ ಕೂರಿಸಿದ್ದರು. ಅವನ ಟೀಚರಿಗೆ ಮಾತ್ರೆಯ ಚೀಟಿ ತೋರಿಸಿ ವಿವರಿಸಿದ ಮೇಲೆ ಮುಂದೆ ಬಂದ. ಡೋಸ್ ಸ್ವಲ್ಪ ಇಳಿಸಿದ್ದಾರೆ, ಪೆನ್ಸಿಲ್ ಹೆಸರು ವಾಪಸ್ ಬಂದಿದೆ.

ಟೀಚರಕ್ಕ
ಕಿನ್ನಿಗೋಳಿಯವರೇ, ನಿಮ್ಮ ಆಲ್ಬಮ್ ಮಾತು ಓದಿ ನನ್ನದು ನೆನಪಾಯಿತು. ನನ್ನ ನಿಶ್ಚಿತಾರ್ಥದ ಫೋಟೋದಲ್ಲಿ ಮಲ್ಲಿಗೆ ಜಾಸ್ತಿ, ಕೂದಲು ಕಡಿಮೆ. ಕಾರಣ ವಾಲ್ಪ್ರೋಯೇಟ್ ಮಾತ್ರೆ. ಎರಡು ವರ್ಷದಲ್ಲಿ 11 ಕೆಜಿ ಏರಿದೆ, ಬಾಚಣಿಗೆಯಲ್ಲಿ ಮುಷ್ಟಿಗಟ್ಟಲೆ ಕೂದಲು. ಶಂಕರಪುರ ಮಲ್ಲಿಗೆ ಇಲ್ಲದಿದ್ದರೆ ಅವತ್ತು ಮರ್ಯಾದೆ ಹೋಗುತ್ತಿತ್ತು.

ನಮ್ಮ ಮನೆಯಲ್ಲಿ ಗಂಡಿನ ಕಡೆಯವರಿಗೆ ಹೇಳುವುದು ಬೇಡ ಅಂತ ತೀರ್ಮಾನ ಆಗಿತ್ತು. ನಾನು ಹಟ ಮಾಡಿ ಹುಡುಗನಿಗೆ ಹೇಳಿದೆ. ಒಂದು ಸಂಬಂಧ ತಪ್ಪಿತು, ಎರಡನೆಯದ್ದು ನಿಂತಿತು. ಅವರ ದೊಡ್ಡಪ್ಪ ಒಬ್ಬರು "ಫಿಟ್ಸ್ ಇದ್ದವರ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ" ಅಂದಿದ್ದರು. ಅದು ಹಳೇ ಮಾತು. 1999ರಲ್ಲಿ ತಿದ್ದುಪಡಿ ಮಾಡಿ ಹಿಂದೂ ವಿವಾಹ ಕಾಯ್ದೆಯಿಂದಲೂ ವಿಶೇಷ ವಿವಾಹ ಕಾಯ್ದೆಯಿಂದಲೂ ಎಪಿಲೆಪ್ಸಿ, ಅಂದರೆ ಫಿಟ್ಸ್, ಅನ್ನುವ ಶಬ್ದವನ್ನು ತೆಗೆದಿದ್ದಾರೆ. ಇವರು ಅದನ್ನು ಪ್ರಿಂಟ್ ತೆಗೆದು ದೊಡ್ಡಪ್ಪನ ಕೈಗೆ ಕೊಟ್ಟರು. ಆ ಪ್ರಿಂಟ್ ಇನ್ನೂ ನನ್ನ ಕಪಾಟಿನಲ್ಲಿ ಉಂಟು.

ಆದರೆ ನಾನು ಹೇಳಬೇಕಾದ್ದು ಬೇರೆ. ವಾಲ್ಪ್ರೋಯೇಟ್ ತಿನ್ನುವ ಹೆಣ್ಣುಮಕ್ಕಳಿಗೆ ಇದನ್ನು ಯಾರಾದರೂ ಕೂರಿಸಿ ಹೇಳಬೇಕು. ಗರ್ಭಿಣಿ ಇದ್ದಾಗ ಅದನ್ನು ತಿಂದರೆ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ದೇಹದ ತೊಂದರೆ. 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ಬುದ್ಧಿ ಬೆಳೆಯುವುದರಲ್ಲಿ ತೊಂದರೆ. ನನಗೆ ಇದು ಗೊತ್ತಾದದ್ದು ಮದುವೆಯಾಗಿ ನಾಲ್ಕು ತಿಂಗಳಿಗೆ, ಅದೂ ಬೇರೆ ಡಾಕ್ಟ್ರಿಂದ. ಐದು ವರ್ಷ ಚೀಟಿ ಬರೆದುಕೊಟ್ಟವರು ಒಂದು ಮಾತು ಹೇಳಿರಲಿಲ್ಲ. ಇವತ್ತಿಗೂ ಸಿಟ್ಟು ಬರುತ್ತದೆ. ಇದು ಮಾತ್ರೆಯ ಸಿಟ್ಟಲ್ಲ, ನಾನು ಲೆವೆಟಿರಾಸಿಟಮ್ ತಿನ್ನುವುದೇ ಇಲ್ಲ!

ಗರ್ಭಿಣಿ ಆಗುವ ಮೊದಲೇ ಲಾಮೋಟ್ರಿಜಿನ್‌ಗೆ ಬದಲಾಯಿಸಿದರು. ತಿಂಗಳುಗಟ್ಟಲೆ ಹಿಡಿಯಿತು. ಜತೆಗೆ 5 ಮಿಗ್ರಾಂ ಫೋಲಿಕ್ ಆಸಿಡ್. ಹೊಟ್ಟೆಯಲ್ಲಿ ಮಗು ಇದ್ದಾಗ ರಕ್ತದಲ್ಲಿ ಲಾಮೋಟ್ರಿಜಿನ್ ಇಳಿಯುತ್ತದೆ, ಹಾಗಾಗಿ ಎರಡು ಸಲ ಡೋಸ್ ಏರಿಸಿ, ಹೆರಿಗೆಯಾದ ಮೇಲೆ ಇಳಿಸಿದರು. ಮಗ ಈಗ ಒಂದನೇ ಕ್ಲಾಸ್. ಮೊಲೆಹಾಲೇ ಕುಡಿಸಿದೆ.

ಯಾರಾದರೂ ಈಗಾಗಲೇ ಗರ್ಭಿಣಿ ಇದ್ದು ಇದನ್ನು ಓದಿದರೆ ದಯವಿಟ್ಟು ಹೆದರಿ ಮಾತ್ರೆ ನಿಲ್ಲಿಸಬೇಡಿ. ಜೋರಾದ ಫಿಟ್ಸ್ ತಾಯಿಗೂ ಮಗುವಿಗೂ ಅಪಾಯ. ಅದೇ ದಿನ ಡಾಕ್ಟ್ರಿಗೆ ಫೋನ್ ಮಾಡಿ.

ತಿಮರೆ ಚಟ್ನಿ
ಎಲ್ಲರದ್ದೂ ಓದಿದೆ. ಇಷ್ಟು ವಿಷ ಯಾಕೆ ತಿನ್ನಬೇಕು ಅಂತ ನನಗೆ ಅರ್ಥ ಆಗುವುದಿಲ್ಲ. ನಮ್ಮ ಅಜ್ಜಿ ದಿನಾ ತಿಮರೆ (ಒಂದೆಲಗ) ಚಟ್ನಿ ಮಾಡುತ್ತಿದ್ದರು, ಮನೆಯಲ್ಲಿ ಯಾರಿಗೂ ನರದ ಕಾಯಿಲೆ ಇಲ್ಲ. ಘಟ್ಟದ ಮೇಲೆ ಒಬ್ಬರು ಬೇರಿನ ಕಪ್ಪು ಗುಳಿಗೆ ಕೊಡುತ್ತಾರೆ. ನನ್ನ ಗೆಳೆಯನ ತಂಗಿಗೆ ಮೂರು ತಿಂಗಳಲ್ಲಿ ಪೂರ್ತಿ ನಿಂತಿದೆ. ಬೇಕಾದವರು ಕೇಳಿ, ವಿಳಾಸ ಕೊಡುತ್ತೇನೆ.

ಮದ್ದಿನಂಗಡಿ
ವಿಳಾಸ ಬೇಡ ಮಾರಾಯ್ರೆ. ತಿಮರೆ ಚಟ್ನಿ ನಾನೂ ತಿನ್ನುತ್ತೇನೆ, ಗಂಜಿಗೆ ಅದರಷ್ಟು ರುಚಿ ಬೇರೆ ಇಲ್ಲ. ಆದರೆ ಅದು ಚಟ್ನಿ. ನಾನು 22 ವರ್ಷದಿಂದ ಮೆಡಿಕಲ್‌ನಲ್ಲಿ ಕೂತಿದ್ದೇನೆ, ಅಷ್ಟು ನೋಡಿದ್ದೇನೆ ಅಂತ ಹೇಳುತ್ತಿದ್ದೇನೆ.

ಆ ಥರದ ಗುಳಿಗೆ ತಿಂದು ಫಿಟ್ಸ್ ನಿಂತರೆ ನನಗೆ ಮೊದಲು ಬರುವ ಸಂಶಯ, ಅದರೊಳಗೆ ಫಿನೋಬಾರ್ಬಿಟೋನ್ ಕುಟ್ಟಿ ಹಾಕಿರಬಹುದು ಅಂತ. ನಮ್ಮ ದೇಶದಲ್ಲಿ ಹಾಗೆ ಬೆರೆಸಿ ಸಿಕ್ಕಿಬಿದ್ದವರಿದ್ದಾರೆ. ಅದು 1912ರಿಂದ ಫಿಟ್ಸ್‌ಗೆ ಕೊಡುತ್ತಿರುವ ಇಂಗ್ಲಿಷ್ ಮದ್ದೇ. ಗುಳಿಗೆ ಕೊಡುವವ ಊರಿಗೆ ಹೋದ, ಸ್ಟಾಕ್ ಇಲ್ಲ ಅಂದರೆ ಆ ಹುಡುಗಿಯ ಮದ್ದು ಒಂದೇ ದಿನಕ್ಕೆ ನಿಂತ ಹಾಗೆ. ಎಷ್ಟು ತಿನ್ನುತ್ತಿದ್ದಳು ಅಂತ ಆಸ್ಪತ್ರೆಯವರಿಗೂ ಗೊತ್ತಿರುವುದಿಲ್ಲ. ಗೆಳೆಯನಿಗೆ ಹೇಳಿ, ಗುಳಿಗೆ ಸಮೇತ ಡಾಕ್ಟ್ರಿಗೆ ತೋರಿಸಲಿ. ಅವರಾಗಿಯೇ ನಿಲ್ಲಿಸುವುದು ಬೇಡ.

ಫೆನಿಟೋಯಿನ್ ಬಗ್ಗೆಯೂ ಒಂದು ಮಾತು. 1938ರಿಂದ ಇರುವ ಮದ್ದು, ಅಗ್ಗ, ಇವತ್ತಿಗೂ ಎಷ್ಟೋ ಮನೆ ನಡೆಸುತ್ತಿದೆ. ಆದರೆ ಅದರ ಲೆಕ್ಕ ನೇರ ಇಲ್ಲ. ಬಚ್ಚಲಿನ ತೂತು ನೆನೆಸಿಕೊಳ್ಳಿ. ತೂತು ಹಿಡಿಯುವಷ್ಟು ನೀರು ಬಿಟ್ಟರೆ ಏನೂ ಆಗುವುದಿಲ್ಲ. ನಳ್ಳಿ ಒಂದು ಸುತ್ತು ಜಾಸ್ತಿ ತಿರುಗಿದರೆ ನೀರು ಹೊಸ್ತಿಲು ದಾಟುತ್ತದೆ. ಲಿವರ್ ಹೊರಹಾಕುವ ಮಿತಿ ಹಾಗೆ. ರಕ್ತದಲ್ಲಿ ಒಂದು ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. ಅರ್ಧ ಮಾತ್ರೆ ಏರಿಸಿದರೂ ಕೆಲವರಿಗೆ ಅದು ಸರ್ರನೆ ಹಾರುತ್ತದೆ. ನಮ್ಮ ಗಿರಾಕಿ ಒಬ್ಬರು ತೂರಾಡುತ್ತಾ ಬಂದರು, ಕಣ್ಣಾಲಿ ಅಲುಗುತ್ತಿತ್ತು. ಜತೆಗೆ ಹೆಂಡತಿ, "ಬೆಳಿಗ್ಗೆಯೇ ಕುಡಿದಿದ್ದಾರೆ" ಅಂತ ಅಳು. ಜೀವನದಲ್ಲಿ ಕುಡಿಯದ ಮನುಷ್ಯ. ಎರಡು ಕಡೆಯ ಚೀಟಿ ಸೇರಿಸಿ ತಿನ್ನುತ್ತಿದ್ದರು.

ಬಾವನಿಗೊಂದು. ಕಾರ್ಬಮಜೆಪೀನ್ ತಿನ್ನುವವರಿಗೆ ಗ್ರೇಪ್‌ಫ್ರೂಟ್ ಬೇಡ ಅಂತ ಹೇಳುತ್ತಾರೆ, ರಕ್ತದಲ್ಲಿ ಮದ್ದು ಏರುತ್ತದೆ. ನಮ್ಮ ಹಿತ್ತಲಿನ ಚಕ್ಕೋತ ಅದರ ತೀರಾ ಹತ್ತಿರದ ಸಂಬಂಧಿ. ಚೌತಿ ಸಮಯದಲ್ಲಿ ಬುಟ್ಟಿಗಟ್ಟಲೆ ತಿನ್ನಬೇಡಿ.

ಮಾತ್ರೆ ಖಾಲಿಯಾಗುವ ದಿನ ಬಂದು "ಇದೇ ಕಂಪನಿಯದ್ದು ಬೇಕು" ಅಂತ ಜಗಳ ಮಾಡುವವರಿಗೆ: ಒಂದು ವಾರ ಮೊದಲು ಬನ್ನಿ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ನನಗೂ ಸ್ಟಾಕ್ ಬರುವುದಿಲ್ಲ.

ಬಂಟ್ವಾಳದ ತಮ್ಮ
ನಾನು ನಿಲ್ಲಿಸಿದವ. ಹೇಳುತ್ತೇನೆ ಕೇಳಿ.

2 ವರ್ಷ 8 ತಿಂಗಳು ಫಿಟ್ಸ್ ಇರಲಿಲ್ಲ. ಮಾತ್ರೆ ತಿಂದರೆ ಮಧ್ಯಾಹ್ನ ಆಫೀಸಿನಲ್ಲಿ ತೂಕಡಿಕೆ, ಕ್ಲೋಬಜಾಮ್ ಅನ್ನುವ ಇನ್ನೊಂದು ಮಾತ್ರೆಯೂ ಜತೆಗೆ ಇತ್ತು. ಹರಕೆಯೂ ಸಂದಿತ್ತು. ಇನ್ನು ಯಾಕೆ ಅಂತ ಒಂದು ಸೋಮವಾರ ಎರಡೂ ಬಿಟ್ಟೆ. ಮೊದಲ ನಾಲ್ಕು ದಿನ ಸ್ವರ್ಗ. ತಲೆ ಹಗುರ, ಎಚ್ಚರ, ಎಲ್ಲ ಸ್ಪಷ್ಟ. ಇಷ್ಟು ವರ್ಷ ಮಂಕು ಕನ್ನಡಕ ಹಾಕಿಕೊಂಡಿದ್ದೆನಾ ಅನ್ನಿಸಿತು. ಅದು ಸುಳ್ಳಲ್ಲ, ಆ ನಾಲ್ಕು ದಿನದ ಆಸೆ ಇವತ್ತಿಗೂ ಹೋಗಿಲ್ಲ.

ಐದನೇ ದಿನ ಪಾಣೆಮಂಗಳೂರು ಸೇತುವೆಯ ಮೇಲೆ ಬಸ್ಸಿನಲ್ಲಿ ಬಿದ್ದೆ. ಒಂದರ ಹಿಂದೆ ಒಂದು, ನಡುವೆ ಎಚ್ಚರ ಇಲ್ಲ. ಐಸಿಯುನಲ್ಲಿ ಮೂರು ದಿನ. ಬಸ್ಸಿನವರು ಕೈಗೆ ಬೀಗದ ಕೈ ಹಿಡಿಸಿದರು, ಈರುಳ್ಳಿ ಹುಡುಕಿದರು, ಯಾರೋ ಬಾಯಿಗೆ ಚಮಚ ತುರುಕಿ ಒಂದು ಹಲ್ಲು ಮುರಿದರು. ಮಗ್ಗುಲಿಗೆ ತಿರುಗಿಸಿ ಮಲಗಿಸಿದ್ದು ಒಬ್ಬಳು ನರ್ಸಿಂಗ್ ಓದುವ ಹುಡುಗಿ. ಗಡಿಯಾರ ನೋಡಿ, ಐದು ನಿಮಿಷ ದಾಟಿತು, ನಿಲ್ಲಿಸಬೇಡಿ, ನೇರ ಆಸ್ಪತ್ರೆಗೆ ಬಿಡಿ ಅಂತ ಡ್ರೈವರಿಗೆ ಬೈದವಳೂ ಅವಳೇ. ಅವಳ ಹೆಸರೂ ನನಗೆ ಗೊತ್ತಿಲ್ಲ.

ಡಾಕ್ಟ್ರು ಬೈಯಲಿಲ್ಲ. "ಎರಡು ವರ್ಷ ಆದ ಮೇಲೆ ಇಳಿಸುವ ಮಾತು ನಾವೇ ಆಡಬಹುದಿತ್ತು. ಇಇಜಿ (ಮೆದುಳಿನ ಅಲೆಗಳ ಪರೀಕ್ಷೆ) ನೋಡಿ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪ ಇಳಿಸುತ್ತಿದ್ದೆವು. ನೀನು ಕೇಳಲೇ ಇಲ್ಲ" ಅಂದರು. ಈಗ ಬಸ್ಸಿನಲ್ಲಿ ಕಿಟಕಿ ಸೀಟಿಗೆ ಕೂರುವುದಿಲ್ಲ, ಯಾಕೋ. ಬೈಕ್ ಮಾರಿದೆ. ಲೈಸೆನ್ಸ್ ಅರ್ಜಿಯ ಫಾರಂ 1ರಲ್ಲಿ ಫಿಟ್ಸ್ ಉಂಟಾ ಅಂತ ನೇರ ಪ್ರಶ್ನೆ ಇದೆ, ಆಗ "ಇಲ್ಲ" ಅಂತ ಬರೆದವ ನಾನು.

ಚೌಕಿಮನೆ
ತಮ್ಮಾ, ಜೀವ ಉಳಿಯಿತಲ್ಲ.

ನನ್ನದು ಬೆಳಿಗ್ಗೆ ಕೈ ಜಾಡಿಸುವ ಜಾತಿಯ ಫಿಟ್ಸ್. ಎದ್ದ ಕೂಡಲೇ ಚಹಾದ ಲೋಟ ಹಾರುತ್ತಿತ್ತು. ನಿದ್ದೆಗೆಟ್ಟರೆ ಫಿಟ್ಸ್ ಖಾತ್ರಿ. ಅಂಥವನಿಗೆ ಇರುವ ಹುಚ್ಚು ಯಕ್ಷಗಾನ. ನವೆಂಬರ್‌ನಿಂದ ಮೇ ತಿಂಗಳ ಪತ್ತನಾಜೆಯವರೆಗೆ ಊರಿಡೀ ಯಕ್ಷಗಾನದ ಆಟ, ಭೂತದ ಕೋಲ, ನೇಮ. ಎಲ್ಲ ರಾತ್ರಿಯದ್ದೇ. ಎರಡು ವರ್ಷ ಕದ್ದು ಹೋದೆ, ಎರಡು ಸಲ ಬಿದ್ದೆ. ಈಗ ಕಾಲಮಿತಿಯ ಆಟ ಬಂದಿದೆ, ಮಧ್ಯರಾತ್ರಿಯೊಳಗೆ ಮನೆ. ಹಳಬರು ಅದನ್ನು ಬೈಯುತ್ತಾರೆ. ನನಗೆ ಮಾತ್ರ ಅದು ವರ.

ಹವ್ಯಾಸಕ್ಕೆ ಚೆಂಡೆ ಬಾರಿಸುತ್ತೇನೆ. ವಾಲ್ಪ್ರೋಯೇಟ್‌ನಿಂದ ಕೈ ಸಣ್ಣಕೆ ನಡುಗುತ್ತದೆ. "ಬೇಗಬೇಗ ಪೆಟ್ಟು ಬೀಳುವ ಉರುಳಿಕೆಗೆ ಲಾಭ ಆಯಿತಲ್ಲ ಮಾರಾಯ" ಅಂತ ನಮ್ಮ ತಂಡದವರ ತಮಾಷೆ. ಚೆಂಡೆಗೆ ಅಡ್ಡಿಯಿಲ್ಲ, ಊಟದ ಮನೆಯಲ್ಲಿ ಕಷ್ಟ. ಚಮಚದಲ್ಲಿ ಸಾರು ಬಾಯಿಯವರೆಗೆ ಬರುವುದಿಲ್ಲ. ಮದುವೆಮನೆಯಲ್ಲಿ ಎಲೆ ಊಟವೇ ಒಳ್ಳೆಯದು, ಕೈಯಲ್ಲಿ ಉಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಮಾತ್ರೆ ಬದಲಿಸುವಾ ಅಂತ ಡಾಕ್ಟ್ರು ಎರಡು ಸಲ ಕೇಳಿದರು. ನಾನೇ ಬೇಡ ಅಂದೆ. ಲೋಟ ಹಾರದೆ ಏಳು ವರ್ಷ ಆಗಿದೆ, ಈ ನಡುಕದ ಜತೆ ನನಗೆ ರಾಜಿ ಆಗಿದೆ. ನಿಮಗೂ ಹಾಗೇ ಆಗಬೇಕು ಅಂತಿಲ್ಲ.

ತಿಮರೆ ಚಟ್ನಿ
ಮದ್ದಿನಂಗಡಿಯವರೇ, ಗೆಳೆಯನಿಗೆ ಫೋನ್ ಮಾಡಿದೆ. ತಂಗಿ ಇಡೀ ದಿನ ಮಲಗಿಯೇ ಇರುತ್ತಾಳಂತೆ. ಗುಣವಾಗುತ್ತಿದೆ, ಅದಕ್ಕೇ ನಿದ್ದೆ ಅಂತ ಅವರು ತಿಳಿದಿದ್ದಾರೆ. ಗುರುವಾರ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಒಪ್ಪಿಸಿದ್ದೇನೆ. ವಿಷ ಅಂದದ್ದಕ್ಕೆ ಕ್ಷಮಿಸಿ, ನನಗೆ ಈ ವಿಷಯ ತಿಳಿದಿರಲಿಲ್ಲ.

ಮದ್ದಿನಂಗಡಿ
ಒಳ್ಳೆಯದು. ಗುಳಿಗೆ ಡಬ್ಬಿ ಮರೆಯದೆ ಕೊಂಡುಹೋಗಲಿ.

ಟೀಚರಕ್ಕ
ಕಿನ್ನಿಗೋಳಿಯವರೇ, ಮೂರು ನಿಮಿಷದ ಡಾಕ್ಟ್ರಿಗೆ ನನ್ನ ಉಪಾಯ: ಒಂದು ಚೀಟಿ. ಎರಡೇ ಸಾಲು. ಒಳಗೆ ಹೋದ ಕೂಡಲೇ ಬಾಯಿ ತೆರೆಯುವ ಮೊದಲು ಅದನ್ನು ಮೇಜಿನ ಮೇಲೆ ಇಡಿ. ಅವರು "ಫಿಟ್ಸ್ ಬಂತಾ" ಅಂತ ಕೇಳಿದರೆ ನೀವು "ಇಲ್ಲ" ಅಂತ ಹೇಳಿಯೇ ಹೇಳುತ್ತೀರಿ, ಅಲ್ಲಿಗೆ ಮಾತು ಮುಗಿಯುತ್ತದೆ. ಹೆಂಡತಿಯನ್ನೂ ಕರೆದುಕೊಂಡು ಹೋಗಿ.

ಇನ್ನೊಂದು, ಕೇಳಬೇಕೋ ಬೇಡವೋ ಗೊತ್ತಿಲ್ಲ. ಸಿಟ್ಟಿನ ಜತೆ ಬೇಜಾರು, ಬದುಕು ಬೇಡ ಅನ್ನುವ ಯೋಚನೆ ಬರುತ್ತದಾ? ಈ ಥರದ ಎಲ್ಲ ಮಾತ್ರೆಗಳ ಮೇಲೂ ಅಮೆರಿಕದವರು 2008ರಲ್ಲೇ ಆ ಎಚ್ಚರಿಕೆ ಹಾಕಿದ್ದಾರೆ. ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. 14416 ಟೆಲಿ ಮಾನಸ್, ಸರಕಾರದ್ದೇ, ಕನ್ನಡದಲ್ಲಿ ಮಾತಾಡುತ್ತಾರೆ.

ಕಿನ್ನಿಗೋಳಿಯವ
ನಾಲ್ಕು ವಾರ ಬಿಟ್ಟು ಬರೆಯುತ್ತಿದ್ದೇನೆ.

ಟೀಚರಕ್ಕ, ನೀವು ಕೇಳಿದ್ದು ಸರಿ. ಒಂದೆರಡು ಸಲ ಬಂದಿತ್ತು. ರಾತ್ರಿ ಹೆಂಡತಿಗೆ ಹೇಳಿದೆ. ಅವಳಿಗೆ ಗೊತ್ತಿತ್ತು ಅಂತ ಆಗ ನನಗೆ ಗೊತ್ತಾಯಿತು.

ಬಾವ ಹೇಳಿದ ಹಾಗೆ ದಿನಾಂಕ ಹುಡುಕಿದೆವು. ಅವಳು ಹಳೇ ಕ್ಯಾಲೆಂಡರ್ ತೆಗೆದಳು, ಹಾಲಿನ ಲೆಕ್ಕ ಬರೆಯುವುದು. ಮಾತ್ರೆ ಬದಲಿಸಿದ್ದು ಆ ವರ್ಷದ ಸೆಪ್ಟೆಂಬರ್. ನಾನು ಮೊದಲ ಸಲ ತಟ್ಟೆ ದೂಡಿದ್ದು ದೀಪಾವಳಿಯ ಎಣ್ಣೆಸ್ನಾನದ ದಿನ, ಅದು ಅವಳಿಗೆ ಚೆನ್ನಾಗಿ ನೆನಪಿದೆ. ಅದಕ್ಕಿಂತ ಮೊದಲು ಒಂದು ಸಲವೂ ಇಲ್ಲ ಅಂದಳು. ನನಗೆ ಅಳು ಬಂತು. ಅಷ್ಟು ದಿನ ನಾನೇ ಕೆಟ್ಟವನಾಗಿದ್ದೇನೆ ಅಂತ ಅಂದುಕೊಂಡಿದ್ದೆ.

ಚೀಟಿಯಲ್ಲಿ ಬರೆದದ್ದು: "ಸಿಟ್ಟು ತಡೆಯಲಾಗುತ್ತಿಲ್ಲ. ಸಾಯುವ ಯೋಚನೆ ಎರಡು ಸಲ ಬಂದಿದೆ." ಮೇಜಿನ ಮೇಲೆ ಇಟ್ಟೆ. ಡಾಕ್ಟ್ರು ಓದಿ ಪೆನ್ನು ಕೆಳಗಿಟ್ಟರು. ಇಪ್ಪತ್ತು ನಿಮಿಷ ಮಾತಾಡಿದರು, ಹೊರಗೆ ಕಾಯುತ್ತಿದ್ದವರ ಶಾಪ ನನಗೆ ತಟ್ಟಿರಬಹುದು. ಲಾಮೋಟ್ರಿಜಿನ್ ಶುರು ಮಾಡಿದ್ದಾರೆ, 25 ಮಿಗ್ರಾಂನಿಂದ. ಎರಡು ವಾರಕ್ಕೊಮ್ಮೆ ಏರಿಸುವುದು. ಅವಸರ ಮಾಡಿದರೆ ಮೈಮೇಲೆ ಕೆಟ್ಟ ದದ್ದು ಏಳಬಹುದಂತೆ, ಒಂದು ಗುಳ್ಳೆ ಎದ್ದರೂ ಅದೇ ದಿನ ಬರಬೇಕು ಅಂತ ಹೇಳಿದ್ದಾರೆ. ಹೊಸದು ಸಾಕಷ್ಟು ಏರಿದ ಮೇಲೆ ಹಳೆಯದನ್ನು ಇಳಿಸುವುದು. ಹಾಗಾಗಿ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಮನಸ್ಸಿನ ಡಾಕ್ಟ್ರನ್ನೂ ಒಮ್ಮೆ ಕಂಡು ಬಂದೆ. ಫೆನಿಟೋಯಿನ್ ಅಷ್ಟು ವರ್ಷ ತಿಂದದ್ದಕ್ಕೆ ವಿಟಮಿನ್ ಡಿ ನೋಡಿಸಿದರು, ತೀರಾ ಕಡಿಮೆ. ಮೂಳೆಯ ಸ್ಕ್ಯಾನ್ ಮುಂದಿನ ವಾರ.

ಆ ಅಜ್ಜಿಯ ಮನೆಗೆ ಪಾಸ್‌ಬುಕ್ ಕೊಡಲು ಹೋಗಿದ್ದೆ. ಏನು ಹೇಳುವುದು ಅಂತ ತಿಳಿಯದೆ ಮಾತ್ರೆಯ ವಿಷಯವೇ ಹೇಳಿದೆ. ಕೂರಿಸಿ ಬೆಲ್ಲ, ನೀರು ಕೊಟ್ಟರು. "ನನ್ನ ಮಗನಿಗೂ ಇತ್ತು, ನಾವು ಯಾರಿಗೂ ಹೇಳಿರಲಿಲ್ಲ" ಅಂದರು. ಆಮೇಲೆ ರುಜು ಎಲ್ಲಿ ಹಾಕುವುದು ಅಂತ ಇನ್ನೊಮ್ಮೆ ಕೇಳಿದರು. ತೋರಿಸಿದೆ.

ಬಂದರು ಬಾವ
ಸ್ಕ್ಯಾನ್ ಆದ ಮೇಲೆ ಹೇಳಿ. ಮತ್ತೆ ಆ ದದ್ದಿನ ವಿಷಯ, ದಿನಾ ಸ್ನಾನ ಮಾಡುವಾಗ ಬೆನ್ನು ಹೆಂಡತಿಗೆ ತೋರಿಸಿ. ನಮಗೆ ನಮ್ಮ ಬೆನ್ನು ಕಾಣುವುದಿಲ್ಲ ಅಲ್ವಾ.